ಸ್ಕ್ರಿಪ್ಟ್ ಸೇರಿಸಿದ್ದಾಯಿತು, ಕೆಲಸ ಮಾಡುತ್ತಿಲ್ಲ. ಎಲ್ಲಿಂದ ಹುಡುಕೋದು?

ಒಂದು ಸಣ್ಣ ಗ್ರಂಥಾಲಯಕ್ಕೆ ಪುಸ್ತಕ ಹುಡುಕುವ ವೆಬ್ ಆ್ಯಪ್ ಮಾಡಿಕೊಡುತ್ತಿದ್ದೆ. ಅಲ್ಲಿಗೆ ಬರುವವರಲ್ಲಿ ಹಿರಿಯರೇ ಜಾಸ್ತಿ. ಅಲ್ಲಿನ ಕಂಪ್ಯೂಟರ್‌ಗಳಲ್ಲಿ ಕನ್ನಡ ಕೀಬೋರ್ಡ್ ಹಾಕಿರಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲೇ ಕನ್ನಡ ಮೂಡಲಿ ಅಂತ ಜೆಕ್ವೆರಿ ಐಎಂಇ ಎಂಬ ಲೈಬ್ರರಿ ಸೇರಿಸಿದೆ. (ಇಲ್ಲಿ ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್.) ವಿಕಿಮೀಡಿಯದವರು ರೂಪಿಸಿದ ಮುಕ್ತ ತಂತ್ರಾಂಶ ಅದು. ಕನ್ನಡ ವಿಕಿಪೀಡಿಯದ ಒಳಗೇ ಕನ್ನಡ ಟೈಪ್ ಮಾಡುವ ಸೌಲಭ್ಯ ಇದೆಯಲ್ಲ, ಅದರ ಹಿಂದೆ ಇರುವುದು ಇದೇ. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ನುಡಿ ತಂತ್ರಾಂಶ ಬಳಸುವವರಿಗೆ ರೂಢಿಯಾದ ಕೆ.ಪಿ. ರಾವ್ ವಿನ್ಯಾಸ, ಟೈಪ್ ಮಾಡುವ ಈ ಮೂರೂ ಕ್ರಮ ಅದರಲ್ಲಿವೆ.

ಸೂಚನೆಯಲ್ಲಿ ಹೇಳಿದ ಹಾಗೇ ಫೈಲ್‌ಗಳನ್ನು ಪುಟಕ್ಕೆ ಸೇರಿಸಿದೆ. ಟೈಪ್ ಮಾಡಿದರೆ ಬಂದದ್ದು ಇಂಗ್ಲಿಷ್ ಅಕ್ಷರವೇ. ಪುಟದ ಮೇಲೆ ಒಂದೂ ಎರರ್ ಇಲ್ಲ. ಎಲ್ಲ ಸರಿಹೋಗುವ ಹೊತ್ತಿಗೆ ಒಂದರ ಹಿಂದೆ ಒಂದು ಏಳೆಂಟು ತೊಂದರೆ ದಾಟಿದ್ದೆ. ಅವೆಲ್ಲ ನನ್ನ ಪುಟ ಮತ್ತು ಆ ಲೈಬ್ರರಿ ಕೂಡುವ ಜಾಗದಲ್ಲೇ ಇದ್ದವು. ನೀವು ಸೇರಿಸುತ್ತಿರುವುದು ಚಾರ್ಟ್ ಬಿಡಿಸುವ ಲೈಬ್ರರಿ ಇರಬಹುದು, ದಿನಾಂಕ ಆರಿಸುವ ಕ್ಯಾಲೆಂಡರ್ ಇರಬಹುದು. ಸಿಕ್ಕಿಹಾಕಿಕೊಳ್ಳುವ ಜಾಗಗಳು ಹೆಚ್ಚುಕಡಿಮೆ ಇವೇ.

ಇಂಥ ಹೊತ್ತಲ್ಲಿ ಕೈ ಸುಮ್ನೆ ಇರುವುದಿಲ್ಲ. ಸ್ಕ್ರಿಪ್ಟ್ ಸಾಲನ್ನು ಮೇಲೆ ಹಾಕಿ ನೋಡುತ್ತೇವೆ, ಕೆಳಗೆ ಹಾಕಿ ನೋಡುತ್ತೇವೆ, ಬೇರೆ ವರ್ಷನ್ ತಂದು ನೋಡುತ್ತೇವೆ. ಹಾಗೆ ಮಾಡಿದರೆ ಒಂದು ತೊಂದರೆ ಇದ್ದದ್ದು ಮೂರಾಗುತ್ತದೆ. ಅದರ ಬದಲು ಒಂದು ಸ್ಕ್ರಿಪ್ಟ್ ಕೆಲಸ ಮಾಡಬೇಕಾದರೆ ಏನೇನು ಆಗಬೇಕು ಅಂತ ಯೋಚಿಸಿ. ಬ್ರೌಸರ್ ಅದನ್ನು ಕೇಳಬೇಕು. ಸರ್ವರ್ ಸರಿಯಾದ ಫೈಲನ್ನೇ ಕೊಡಬೇಕು. ಬಂದ ಫೈಲ್ ರನ್ ಆಗಬೇಕು. ರನ್ ಆದದ್ದು ಸರಿಯಾದ ಜಾಗಕ್ಕೆ ಅಂಟಿಕೊಳ್ಳಬೇಕು. ಈ ನಾಲ್ಕರಲ್ಲಿ ಎಲ್ಲಿ ನಿಂತಿದೆ ಅಂತ ಗೊತ್ತಾಗುವವರೆಗೆ ಕೋಡ್ ಮುಟ್ಟಬೇಡಿ. ನಾನು ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಇದನ್ನೇ.

ನೋಡುವುದಕ್ಕೆ ಬೇಕಾದದ್ದು ಬ್ರೌಸರ್‌ನಲ್ಲೇ ಇದೆ. ಎಫ್12 ಒತ್ತಿ. ಕನ್ಸೋಲ್ ಮತ್ತು ನೆಟ್‌ವರ್ಕ್ ಅನ್ನುವ ಎರಡು ಟ್ಯಾಬ್ ಸಾಕು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ಯಾಶ್ ಬಳಸಬೇಡ ಅನ್ನುವ ಗುರುತು ಹಾಕಿ, ಪುಟ ರಿಫ್ರೆಶ್ ಮಾಡಿ. ಈ ಗುರುತು ಹಾಕದಿದ್ದರೆ ನೀವು ತಿದ್ದಿದ್ದು ಒಂದು, ಬ್ರೌಸರ್ ಓಡಿಸುತ್ತಿರುವುದು ನಿನ್ನೆಯ ಹಳೇ ಫೈಲ್ ಆಗಿರಬಹುದು.

ಕನ್ಸೋಲ್‌ನಲ್ಲಿ ಹತ್ತು ಕೆಂಪು ಸಾಲು ಇದ್ದರೆ ಮೊದಲನೆಯದನ್ನು ಓದಿ. ಉಳಿದವು ಸಾಮಾನ್ಯವಾಗಿ ಅದರ ಮಕ್ಕಳು, ಮೊಮ್ಮಕ್ಕಳು.

ಯಾರು ಮೊದಲು, ಯಾರು ಆಮೇಲೆ

ನನ್ನ ಪುಟದಲ್ಲಿ ಮೊದಲ ಕೆಂಪು ಸಾಲು "ಜೆಕ್ವೆರಿ ಈಸ್ ನಾಟ್ ಡಿಫೈನ್ಡ್" ಎಂದಿತ್ತು. ಜೆಕ್ವೆರಿ ಅನ್ನುವುದೂ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ. ನಾನು ಸೇರಿಸಿದ ಐಎಂಇ ಅದರ ಮೇಲೆ ನಿಲ್ಲುವ ಪ್ಲಗಿನ್, ಅಂದರೆ ಅದಕ್ಕೆ ಜೋಡಿಸುವ ಹೆಚ್ಚುವರಿ ತುಣುಕು. ವಿಚಿತ್ರ ಅಂದರೆ ಎರಡು ಸಲ ರಿಫ್ರೆಶ್ ಮಾಡಿದರೆ ಒಂದು ಸಲ ಇರುತ್ತಿತ್ತು, ಇನ್ನೊಂದು ಸಲ ಇರುತ್ತಿರಲಿಲ್ಲ.

ಬ್ರೌಸರ್ ಪುಟವನ್ನು ಮೇಲಿಂದ ಕೆಳಗೆ ಓದುತ್ತದೆ. ದಾರಿಯಲ್ಲಿ ಸಾದಾ ಸ್ಕ್ರಿಪ್ಟ್ ಟ್ಯಾಗ್ ಸಿಕ್ಕರೆ ಅಲ್ಲೇ ನಿಲ್ಲುತ್ತದೆ, ಫೈಲ್ ತರಿಸಿ ಓಡಿಸುತ್ತದೆ, ಆಮೇಲೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಜೆಕ್ವೆರಿ ಮೇಲಿದ್ದು ಪ್ಲಗಿನ್ ಅದರ ಕೆಳಗಿದ್ದರೆ ಸಾಕು. ಆದರೆ ಪುಟ ಬೇಗ ಕಾಣಲಿ ಅಂತ ನಾನು ಎರಡಕ್ಕೂ ಎಸಿಂಕ್ ಹಾಕಿದ್ದೆ. ಎಸಿಂಕ್ ಅಂದರೆ ಯಾವ ಫೈಲ್ ಮೊದಲು ಬಂದು ಮುಟ್ಟುತ್ತದೋ ಅದೇ ಮೊದಲು ರನ್ ಆಗುತ್ತದೆ. ಪ್ಲಗಿನ್ ಫೈಲ್ ಚಿಕ್ಕದು, ಜೆಕ್ವೆರಿ ದೊಡ್ಡದು. ಚಿಕ್ಕದು ಓಡಿ ಬಂದು ಜೆಕ್ವೆರಿಯನ್ನು ಹುಡುಕುತ್ತಿತ್ತು, ಅದಿನ್ನೂ ದಾರಿಯಲ್ಲಿರುತ್ತಿತ್ತು.

ಇಲ್ಲಿ ಬೇಕಾದದ್ದು ಡಿಫರ್. ಅದೂ ಪುಟವನ್ನು ತಡೆಯುವುದಿಲ್ಲ. ಪುಟ ಪೂರ್ತಿ ಓದಿದ ಮೇಲೆ, ನೀವು ಬರೆದ ಕ್ರಮದಲ್ಲೇ ಫೈಲ್‌ಗಳನ್ನು ಓಡಿಸುತ್ತದೆ. ಒಂದರ ಮೇಲೆ ಒಂದು ನಿಂತಿರುವ ಸ್ಕ್ರಿಪ್ಟ್‌ಗಳಿಗೆ ಎಸಿಂಕ್ ಹಾಕಬಾರದು. ಆದರೆ ಒಂದು ಎಚ್ಚರ: ಪುಟದ ಒಳಗೇ ನೇರವಾಗಿ ಬರೆದ ಕೋಡ್‌ಗೆ ಡಿಫರ್ ಅನ್ವಯಿಸುವುದಿಲ್ಲ. ಅದು ತಕ್ಷಣ ಓಡುತ್ತದೆ. ಪ್ಲಗಿನ್ ಶುರು ಮಾಡುವ ಆ ನಾಲ್ಕು ಸಾಲನ್ನೂ ಬೇರೆ ಫೈಲ್‌ಗೆ ಹಾಕಿ, ಅದಕ್ಕೂ ಡಿಫರ್ ಕೊಡಿ.

ಒಂದು ಫೈಲ್ ಇನ್ನೊಂದನ್ನು ಇಂಪೋರ್ಟ್ ಮಾಡಿಕೊಳ್ಳುವ ಮಾಡ್ಯೂಲ್ ಪದ್ಧತಿಯಲ್ಲಿ ಬರೆಯುವವರಿಗೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಮೊದಲ ಸಾಲಲ್ಲಿ ಜೆಕ್ವೆರಿ ಇಂಪೋರ್ಟ್, ಎರಡನೇ ಸಾಲಲ್ಲಿ ಅದನ್ನು ವಿಂಡೋಗೆ (ಪುಟದ ಎಲ್ಲ ಸ್ಕ್ರಿಪ್ಟ್‌ಗೂ ಕಾಣುವ ಜಾಗಕ್ಕೆ) ಅಂಟಿಸುವುದು, ಮೂರನೇ ಸಾಲಲ್ಲಿ ಪ್ಲಗಿನ್ ಇಂಪೋರ್ಟ್ ಅಂತ ಬರೆದಿರುತ್ತಾರೆ. ಓದುವುದಕ್ಕೆ ಸರಿಯಾಗೇ ಇದೆ ಅಲ್ವಾ? ಆದರೆ ಒಂದು ಫೈಲ್‌ನ ಎಲ್ಲ ಇಂಪೋರ್ಟ್‌ಗಳೂ ಉಳಿದ ಸಾಲುಗಳಿಗಿಂತ ಮೊದಲೇ ನಡೆಯುತ್ತವೆ. ಎರಡನೇ ಸಾಲಿನ ಸರದಿ ಬರುವಷ್ಟರಲ್ಲಿ ಪ್ಲಗಿನ್ ಓಡಿ, ಜೆಕ್ವೆರಿ ಸಿಗದೆ ಬಿದ್ದಿರುತ್ತದೆ. ಅಂಟಿಸುವ ಆ ಒಂದು ಸಾಲನ್ನು ಬೇರೆ ಫೈಲ್ ಮಾಡಿ, ಪ್ಲಗಿನ್‌ಗಿಂತ ಮೊದಲು ಇಂಪೋರ್ಟ್ ಮಾಡಿಕೊಳ್ಳಿ.

ಒಂದೇ ಹೆಸರಿನ ಇಬ್ಬರು

ಕ್ರಮ ಸರಿ ಮಾಡಿದೆ. ಈಗ ಹೊಸ ಸಾಲು: "ಐಎಂಇ ಈಸ್ ನಾಟ್ ಎ ಫಂಕ್ಷನ್". ನೆಟ್‌ವರ್ಕ್ ಟ್ಯಾಬ್ ನೋಡಿದರೆ ಪ್ಲಗಿನ್ ಫೈಲ್ ಬಂದಿದೆ, ಸ್ಟೇಟಸ್ 200, ಅಂದರೆ ಸರ್ವರ್ ಪ್ರಕಾರ ಎಲ್ಲ ಸರಿ. ರನ್ ಕೂಡ ಆಗಿದೆ. ಆದರೂ ಆ ಹೆಸರಿನ ಫಂಕ್ಷನ್ ಇಲ್ಲ ಅನ್ನುತ್ತಿದೆ.

ಇದು ಅರ್ಥವಾಗಬೇಕಾದರೆ ಜೆಕ್ವೆರಿ ಪ್ಲಗಿನ್ ಹೇಗೆ ಅಂಟಿಕೊಳ್ಳುತ್ತದೆ ಅಂತ ತಿಳಿಯಬೇಕು. ಜೆಕ್ವೆರಿ ಒಳಗೆ ಎಫ್ಎನ್ ಎಂಬ ಒಂದು ಆಬ್ಜೆಕ್ಟ್ ಇದೆ. ಗೋಡೆಗೆ ಹೊಡೆದ ಗೂಟದ ಸಾಲು ಅಂದುಕೊಳ್ಳಿ. ಪ್ಲಗಿನ್ ಬಂದು ಒಂದು ಗೂಟಕ್ಕೆ ತನ್ನ ಫಂಕ್ಷನ್ ನೇತುಹಾಕುತ್ತದೆ, ಅಷ್ಟೇ. ಅದರ ನಂತರ ಪುಟದಲ್ಲಿ ಎಲ್ಲೋ ಇನ್ನೊಂದು ಜೆಕ್ವೆರಿ ಲೋಡ್ ಆದರೆ, ಅದು ತನ್ನದೇ ಹೊಸ ಗೋಡೆ, ಹೊಸ ಗೂಟಗಳ ಜೊತೆ ಬರುತ್ತದೆ. ಕೋಡ್‌ನಲ್ಲಿ ಜೆಕ್ವೆರಿಯ ಗಿಡ್ಡ ಹೆಸರಾದ ಡಾಲರ್ ಚಿಹ್ನೆ ಇನ್ನು ಮುಂದೆ ಹೊಸ ಗೋಡೆಯನ್ನು ತೋರಿಸುತ್ತದೆ. ನಮ್ಮ ಪ್ಲಗಿನ್ ಹಳೇ ಗೋಡೆಯಲ್ಲೇ ನೇತಾಡುತ್ತಿರುತ್ತದೆ.

ನನ್ನ ಪುಟದಲ್ಲಿ ಆದದ್ದು ಅದೇ. ಆ್ಯಪ್‌ನ ವಿನ್ಯಾಸ ಹಳೇ ಬೂಟ್‌ಸ್ಟ್ರಾಪ್ 4ರ (ಪುಟದ ಅಂದಕ್ಕೆ ಬಳಸುವ ಸಿದ್ಧ ಸಾಮಗ್ರಿ ಅದು) ಟೆಂಪ್ಲೇಟ್. ಅದರ ಕೊನೆಯಲ್ಲಿ ಒಂದು ಜೆಕ್ವೆರಿ ಇದ್ದೇ ಇತ್ತು. ನಾನು ಮೇಲೆ ಮತ್ತೊಂದನ್ನು ಸೇರಿಸಿದ್ದೆ. ಇದನ್ನು ಪತ್ತೆ ಮಾಡುವುದು ಸುಲಭ: ನೆಟ್‌ವರ್ಕ್ ಟ್ಯಾಬ್‌ನ ಫಿಲ್ಟರ್ ಪೆಟ್ಟಿಗೆಯಲ್ಲಿ ಜೆಕ್ವೆರಿ ಅಂತ ಹಾಕಿದರೆ ಎಷ್ಟು ಸಲ ಬಂದಿದೆ ಅಂತ ಕಾಣುತ್ತದೆ. ಜೊತೆಗೆ, ಆ ಎಫ್ಎನ್ ಒಳಗೆ ಜೆಕ್ವೆರಿ ಅನ್ನುವ ಹೆಸರಲ್ಲೇ ವರ್ಷನ್ ಸಂಖ್ಯೆ ಇರುತ್ತದೆ. ಕನ್ಸೋಲ್‌ನಲ್ಲಿ ಅದನ್ನು ಕೇಳಿದರೆ ಸದ್ಯ ಅಧಿಕಾರದಲ್ಲಿ ಯಾರಿದ್ದಾರೆ ಅಂತ ತಿಳಿಯುತ್ತದೆ.

ನನ್ನದನ್ನು ತೆಗೆದು ಟೆಂಪ್ಲೇಟ್‌ನದನ್ನೇ ಉಳಿಸಿಕೊಂಡೆ. ತಕ್ಷಣ ಮೂರನೇ ಸಾಲು ಬಂತು: "ಗೆಟ್‌ಸ್ಕ್ರಿಪ್ಟ್ ಈಸ್ ನಾಟ್ ಎ ಫಂಕ್ಷನ್". ಇದು ಜೆಕ್ವೆರಿಯದೇ ಫಂಕ್ಷನ್, ಅದು ಹೇಗೆ ಇಲ್ಲದೆ ಹೋಗುತ್ತದೆ? ಫೈಲ್ ಹೆಸರು ಮತ್ತೆ ಓದಿದೆ. ಮಧ್ಯದಲ್ಲಿ ಸ್ಲಿಮ್ ಎಂಬ ಪದ ಇತ್ತು. ಜೆಕ್ವೆರಿಯ ಸ್ಲಿಮ್ ಆವೃತ್ತಿಯಲ್ಲಿ ಏಜಾಕ್ಸ್ (ಪುಟ ಮತ್ತೆ ತೆರೆಯದೆ ಸರ್ವರ್‌ನಿಂದ ಫೈಲ್ ತರಿಸುವ ಸೌಲಭ್ಯ) ಮತ್ತು ಅನಿಮೇಶನ್ ಎರಡೂ ಇರುವುದಿಲ್ಲ. ಬೂಟ್‌ಸ್ಟ್ರಾಪ್ 4ಕ್ಕೆ ಅವು ಬೇಕಿರಲಿಲ್ಲ, ಹಾಗಾಗಿ ಅದರ ಆರಂಭದ ಮಾದರಿ ಪುಟದಲ್ಲೇ ಸ್ಲಿಮ್ ಇರುತ್ತಿತ್ತು. ಆ ಮಾದರಿಯಿಂದ ಹುಟ್ಟಿದ ಪುಟಗಳು ಇವತ್ತಿಗೂ ಎಷ್ಟೋ ಇವೆ. 2021ರಲ್ಲಿ ಬಂದ ಬೂಟ್‌ಸ್ಟ್ರಾಪ್ 5 ಜೆಕ್ವೆರಿಯನ್ನೇ ಕೈಬಿಟ್ಟಿದೆ. ನನ್ನ ಲೈಬ್ರರಿಗೆ ಕನ್ನಡದ ನಿಯಮಗಳ ಫೈಲ್ (ಯಾವ ಕೀಗೆ ಯಾವ ಅಕ್ಷರ ಅಂತ ಹೇಳುವಂಥದ್ದು) ತರಿಸಲು ಏಜಾಕ್ಸ್ ಬೇಕೇ ಬೇಕು. ಸ್ಲಿಮ್ ಜಾಗದಲ್ಲಿ ಪೂರ್ತಿ ಜೆಕ್ವೆರಿ ಹಾಕಿದೆ.

ವರ್ಡ್‌ಪ್ರೆಸ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಅಲ್ಲಿ ಜೆಕ್ವೆರಿ ಇರುತ್ತದೆ, ಆದರೆ ಡಾಲರ್ ಚಿಹ್ನೆಯನ್ನು ಬೇಕಂತಲೇ ಬಿಟ್ಟುಕೊಟ್ಟಿರುತ್ತಾರೆ, ಬೇರೆ ಲೈಬ್ರರಿಗಳ ಜೊತೆ ಜಗಳ ಬೇಡ ಅಂತ. ಡಾಲರ್ ಇಲ್ಲ ಅಂದ ಕೂಡಲೇ ಇನ್ನೊಂದು ಜೆಕ್ವೆರಿ ಸೇರಿಸಬೇಡಿ. ಪೂರ್ತಿ ಹೆಸರು ಬಳಸಿ. 2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯಲ್ಲಿ ಅವರು ಹಳೇ ಕೋಡ್ ನಡೆಯಲು ನೆರವಾಗುತ್ತಿದ್ದ ಜೆಕ್ವೆರಿ ಮೈಗ್ರೇಟ್ ಎಂಬ ಊರುಗೋಲನ್ನು ತೆಗೆದಾಗ ಹಳೇ ಥೀಮ್, ಪ್ಲಗಿನ್ ಎಷ್ಟೋ ಕುಸಿದವು. ಹಳೇ ಪ್ಲಗಿನ್ ಹೊಸ ಜೆಕ್ವೆರಿ ಜೊತೆ ಸೇರಿದಾಗ ಬರುವ ಎರರ್‌ಗಳಲ್ಲಿ ಒಂದು ತುಂಬ ದಾರಿ ತಪ್ಪಿಸುತ್ತದೆ: "ಇಂಡೆಕ್ಸ್‌ಆಫ್ ಈಸ್ ನಾಟ್ ಎ ಫಂಕ್ಷನ್". ಪುಟ ಪೂರ್ತಿ ಲೋಡ್ ಆದ ಮೇಲೆ ಈ ಕೆಲಸ ಮಾಡು ಅಂತ ಹೇಳುವುದಕ್ಕೆ ಮೊದಲು ಲೋಡ್ ಎಂಬ ಕಿರುದಾರಿ ಇತ್ತು. 2016ರಲ್ಲಿ ಬಂದ ಜೆಕ್ವೆರಿ 3.0 ಅದನ್ನು ತೆಗೆದುಹಾಕಿತು. ಅದೇ ಹೆಸರಿನ ಇನ್ನೊಂದು ಫಂಕ್ಷನ್ ಮಾತ್ರ ಉಳಿಯಿತು, ಅದು ವಿಳಾಸ ಕೊಟ್ಟರೆ ಫೈಲ್ ತರುವಂಥದ್ದು. ಹಳೇ ಪ್ಲಗಿನ್ ಅದರ ಕೈಗೆ ಒಂದು ಫಂಕ್ಷನ್ ಕೊಡುತ್ತದೆ. ಅದು ಇದನ್ನು ವಿಳಾಸ ಅಂದುಕೊಂಡು ಒಳಗೆ ಖಾಲಿ ಜಾಗ ಹುಡುಕಲು ಹೋಗಿ ಬೀಳುತ್ತದೆ. ಕಾರಣ ಗೊತ್ತಿದ್ದರೆ ಒಂದು ಸಾಲಿನ ತಿದ್ದುಪಡಿ. ಗೊತ್ತಿಲ್ಲದಿದ್ದರೆ ಇಡೀ ದಿನ ಹೋಗುತ್ತದೆ.

ಕೇಳಿದ್ದು ಒಂದು, ಬಂದದ್ದು ಇನ್ನೊಂದು

ಈಗ ಮುಖಪುಟದಲ್ಲಿ ಕನ್ನಡ ಮೂಡಿತು. ಸಂತೋಷ ಆಯಿತು. ಒಂದು ಪುಸ್ತಕದ ಪುಟಕ್ಕೆ ಹೋಗಿ ಅಲ್ಲಿನ ಪೆಟ್ಟಿಗೆಯಲ್ಲಿ ಟೈಪ್ ಮಾಡಿದೆ. ಮತ್ತೆ ಇಂಗ್ಲಿಷ್. ಕನ್ಸೋಲ್‌ನಲ್ಲಿ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಅಂತ ಇತ್ತು, ಪಕ್ಕದಲ್ಲಿ ಎಡಕ್ಕೆ ತಿರುಗಿದ ಬಾಣದ ತುದಿಯಂಥ ಗುರುತು. ಗಣಿತದಲ್ಲಿ 'ಕಡಿಮೆ' ಅನ್ನುವುದಕ್ಕೆ ಹಾಕುತ್ತೇವಲ್ಲ, ಅದೇ.

ಈ ಗುರುತು ಕಂಡರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಎಚ್‌ಟಿಎಂಎಲ್ ಪುಟದ ಮೊದಲ ಅಕ್ಷರವೇ ಅದು. ಅಂದರೆ ಬ್ರೌಸರ್ ಕೇಳಿದ್ದು ಸ್ಕ್ರಿಪ್ಟ್, ಸರ್ವರ್ ಕೊಟ್ಟದ್ದು ಒಂದು ಪುಟ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಫೈಲ್ ಮೇಲೆ ಒತ್ತಿ, ಅದಕ್ಕೆ ಬಂದ ಉತ್ತರ ಏನು ಅಂತ ತೆರೆದು ಓದಿ. ನನಗೆ ಅಲ್ಲಿ ಕಂಡದ್ದು ನನ್ನದೇ ಮುಖಪುಟ.

ನಾನು ಫೈಲ್ ಇರುವ ಜಾಗವನ್ನು ಪುಟಕ್ಕೆ ಹೋಲಿಸಿ ಬರೆದಿದ್ದೆ, 'ಇಲ್ಲಿಂದ ರೂಲ್ಸ್ ಫೋಲ್ಡರ್ ಒಳಗೆ' ಅನ್ನುವ ಹಾಗೆ. ಆ 'ಇಲ್ಲಿ' ಅನ್ನುವುದು ಈಗ ಬ್ರೌಸರ್ ವಿಳಾಸ ಪಟ್ಟಿಯಲ್ಲಿ ಕಾಣುವ ಪುಟ, ಸ್ಕ್ರಿಪ್ಟ್ ಫೈಲ್ ಇರುವ ಜಾಗ ಅಲ್ಲ. ಮುಖಪುಟದಿಂದ ಹೊರಟರೆ ಸರಿಯಾದ ಜಾಗ ಸಿಗುತ್ತದೆ. ಪುಸ್ತಕದ ಪುಟ ಒಂದು ಹಂತ ಒಳಗಿದೆ, ಅಲ್ಲಿಂದ ಹೊರಟರೆ ಇಲ್ಲದ ಜಾಗಕ್ಕೆ ಹೋಗುತ್ತದೆ. ಇಲ್ಲದ ಫೈಲ್‌ಗೆ ಸರ್ವರ್ 404 ಅಂದಿದ್ದರೆ ಆಗಲೇ ತಿಳಿಯುತ್ತಿತ್ತು. ಆದರೆ ಒಂದೇ ಪುಟದ ಆ್ಯಪ್‌ಗಳಲ್ಲಿ ಯಾವ ವಿಳಾಸ ಕೇಳಿದರೂ ಮುಖಪುಟ ಕೊಡುವಂತೆ ಸರ್ವರ್‌ಗೆ ಹೇಳಿರುತ್ತೇವೆ. ಅದು 200 ಎಂದು ಹೇಳಿ ಮುಖಪುಟವನ್ನೇ ಕೈಗಿಡುತ್ತದೆ. ಆದ್ದರಿಂದ ಸ್ಟೇಟಸ್ 200 ಇದೆ ಅಂತ ನಂಬಿ ಮುಂದಕ್ಕೆ ಹೋಗಬೇಡಿ. ಒಳಗೆ ಏನಿದೆ ನೋಡಿ.

ಪಾತ್ ಶುರುವಿನಲ್ಲಿ ಒಂದು ಓರೆಗೆರೆ ಹಾಕಿ, ಸೈಟ್‌ನ ಬುಡದಿಂದ ಪೂರ್ತಿ ಬರೆದೆ. ಎಲ್ಲ ಪುಟದಲ್ಲೂ ಕನ್ನಡ ಬಂತು.

ನನ್ನ ಕಂಪ್ಯೂಟರ್‌ನಲ್ಲಿ ಸರಿ, ಸರ್ವರ್‌ನಲ್ಲಿ ಇಲ್ಲ

ನಿಜವಾದ ಸರ್ವರ್‌ಗೆ ಏರಿಸಿದ ದಿನ ಮತ್ತೆ ನಿಂತಿತು. ಈ ಸಲ ನಿಯಮಗಳ ಫೈಲ್ ಬಂದಿದೆ, ಒಳಗೆ ಸರಿಯಾದ ಕೋಡೇ ಇದೆ, ಆದರೆ ರನ್ ಆಗಿಲ್ಲ. ನಾಲ್ಕು ಹಂತಗಳಲ್ಲಿ ಮೂರನೆಯದು.

ಆ ಸರ್ವರ್‌ನಲ್ಲಿ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಹಾಕಿದ್ದರು. ಯಾವ ಯಾವ ಕಡೆಯಿಂದ ಬಂದ ಸ್ಕ್ರಿಪ್ಟ್ ಓಡಬಹುದು ಅಂತ ಸರ್ವರ್ ಬ್ರೌಸರ್‌ಗೆ ಕೊಡುವ ಪಟ್ಟಿ ಅದು. ನಮ್ಮ ಪಟ್ಟಿಯಲ್ಲಿ 'ಸ್ವಂತ ಸೈಟ್ ಮಾತ್ರ' ಎಂದಿತ್ತು. ನಿಯಮಗಳ ಫೈಲ್ ಸ್ವಂತ ಸೈಟ್‌ನದೇ. ಹಾಗಾದರೆ ತಡೆದದ್ದು ಏಕೆ? ಜೆಕ್ವೆರಿ 3ರ ಗೆಟ್‌ಸ್ಕ್ರಿಪ್ಟ್ ಕೆಲಸ ಮಾಡುವ ರೀತಿಯಲ್ಲಿ ಉತ್ತರ ಇದೆ. ಬೇರೆ ಸೈಟ್‌ನ ಫೈಲ್ ಆದರೆ ಅದು ಸ್ಕ್ರಿಪ್ಟ್ ಟ್ಯಾಗ್ ಹಾಕಿ ತರುತ್ತದೆ. ಅದೇ ಸೈಟ್‌ನ ಫೈಲ್ ಆದರೆ ಬರೀ ಪಠ್ಯವಾಗಿ ತಂದು, ಆ ಪಠ್ಯವನ್ನು ಪುಟದ ಒಳಗೇ ಬರೆದ ಸ್ಕ್ರಿಪ್ಟ್‌ನಂತೆ ಓಡಿಸುತ್ತದೆ. ಪುಟದ ಒಳಗೆ ಬರೆದ ಸ್ಕ್ರಿಪ್ಟ್ ಅಂದರೆ ಆ ಪಾಲಿಸಿಗೆ ಆಗುವುದಿಲ್ಲ, ಯಾಕೆಂದರೆ ದುರುದ್ದೇಶದ ಕೋಡ್ ನುಸುಳುವುದೂ ಹಾಗೇ.

'ಒಳಗೆ ಬರೆದದ್ದೂ ಓಡಲಿ' ಅಂತ ಪಟ್ಟಿಗೆ ಒಂದು ಪದ ಸೇರಿಸಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಕಾವಲು ಇಟ್ಟದ್ದೇ ವ್ಯರ್ಥವಾಗುತ್ತದೆ. ನಾನು ಕನ್ನಡದ ನಿಯಮಗಳ ಫೈಲನ್ನು ಸಾದಾ ಸ್ಕ್ರಿಪ್ಟ್ ಟ್ಯಾಗ್‌ನಿಂದ ಮೊದಲೇ ಲೋಡ್ ಮಾಡಿಬಿಟ್ಟೆ. ಆಮೇಲೆ ಲೈಬ್ರರಿ ಅದನ್ನು ಕೇಳಿ ತರಿಸುವ ಅಗತ್ಯವೇ ಬೀಳಲಿಲ್ಲ.

ಸಿಡಿಎನ್ (ಲೈಬ್ರರಿ ಫೈಲ್‌ಗಳನ್ನು ಹಂಚುವ ಹೊರಗಿನ ಸರ್ವರ್ ಜಾಲ) ಬಳಸುವವರಿಗೆ ಇದರ ಪಕ್ಕದ್ದೇ ಇನ್ನೊಂದು ಬೀಗ ಇದೆ, ಇಂಟೆಗ್ರಿಟಿ. ಫೈಲ್‌ನ ಬೆರಳಚ್ಚು ಅನ್ನಿ. ವಿಳಾಸದಲ್ಲಿ ವರ್ಷನ್ ಬದಲಿಸಿ ಹಳೇ ಬೆರಳಚ್ಚನ್ನೇ ಬಿಟ್ಟರೆ ಬ್ರೌಸರ್ ಆ ಫೈಲನ್ನು ಓಡಿಸುವುದಿಲ್ಲ. ಆ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಕ್ರಾಸ್‌ಒರಿಜಿನ್ ಎಂಬ ಪದ ಮರೆತರೂ ಅಷ್ಟೇ. ಸಿಟ್ಟಾಗಿ ಬೆರಳಚ್ಚನ್ನೇ ಅಳಿಸಬೇಡಿ, ಹೊಸದನ್ನು ತಂದು ಹಾಕಿ. ಪಾಲಿಫಿಲ್ ಡಾಟ್ ಐಒ ಎಂಬ ಡೊಮೈನ್ ಕೈ ಬದಲಾಗಿತ್ತು, ಅಲ್ಲಿಂದ ಕೆಟ್ಟ ಕೋಡ್ ಹೊರಡುತ್ತಿದೆ ಅಂತ 2024ರ ಜೂನ್‌ನಲ್ಲಿ ಬಯಲಾಯಿತು. ಲಕ್ಷಕ್ಕೂ ಹೆಚ್ಚು ಸೈಟ್‌ಗಳು ಆ ಡೊಮೈನ್‌ನಿಂದ ಸ್ಕ್ರಿಪ್ಟ್ ತರಿಸುತ್ತಿದ್ದವು. ಸಣ್ಣ ಆ್ಯಪ್ ಆದರೆ ಫೈಲ್ ನಿಮ್ಮ ಸರ್ವರ್‌ನಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಅಂಟಿಕೊಳ್ಳುವ ಜಾಗ

ಕೊನೆಯ ಹಂತ ಉಳಿಯಿತು. ಸದಸ್ಯರು ಪುಸ್ತಕ ಬೇಕು ಅಂತ ಕೋರುವ ಒಂದು ಪುಟ್ಟ ಕಿಟಕಿ ಇತ್ತು, ಗುಂಡಿ ಒತ್ತಿದಾಗ ತೆರೆಯುವಂಥದ್ದು. ಅದರೊಳಗಿನ ಪೆಟ್ಟಿಗೆಯಲ್ಲಿ ಕನ್ನಡ ಬರಲಿಲ್ಲ. ಎರರ್ ಕೂಡ ಇಲ್ಲ. ನಾನು ಪುಟ ತೆರೆದಾಗ 'ಇರುವ ಪೆಟ್ಟಿಗೆಗಳಿಗೆಲ್ಲ ಅಂಟಿಕೋ' ಅಂದಿದ್ದೆ. ಆ ಹೊತ್ತಿಗೆ ಈ ಪೆಟ್ಟಿಗೆ ಹುಟ್ಟಿಯೇ ಇರಲಿಲ್ಲ. ಕಿಟಕಿ ತೆರೆದ ಮೇಲೆ ಮತ್ತೊಮ್ಮೆ ಅಂಟಿಸಬೇಕು. ಜೆಕ್ವೆರಿಗೆ ಹುಡುಕಿದ್ದು ಸಿಗದಿದ್ದರೆ ಅದು ದೂರುವುದಿಲ್ಲ, ಸುಮ್ಮನಾಗುತ್ತದೆ. ಎಷ್ಟು ಸಿಕ್ಕಿತು ಅಂತ ಲೆಂಗ್ತ್ ಕೇಳಿ ನೋಡುವುದು ನಿಮ್ಮ ಕೆಲಸ. ಸೊನ್ನೆ ಬಂದರೆ ಅಲ್ಲೇ ಉತ್ತರ ಇದೆ.

ಪುಟವನ್ನು ತಾನೇ ಚಿತ್ರಿಸುವ ರಿಯಾಕ್ಟ್ ಎಂಬ ಲೈಬ್ರರಿಯ ಒಳಗೆ ಇಂಥದ್ದನ್ನು ಸೇರಿಸಿದರೆ ಇನ್ನೊಂದು ಬಗೆ. ಪೆಟ್ಟಿಗೆಯಲ್ಲಿ ಏನಿದೆ ಅನ್ನುವ ಲೆಕ್ಕವನ್ನು ರಿಯಾಕ್ಟ್ ತಾನೇ ಇಟ್ಟುಕೊಂಡಿರುತ್ತದೆ. ಲೈಬ್ರರಿ ನೇರವಾಗಿ ಪೆಟ್ಟಿಗೆಗೆ ಬರೆದರೆ ಆ ಲೆಕ್ಕಕ್ಕೆ ಅದು ಸೇರುವುದಿಲ್ಲ, ಮುಂದಿನ ಸಲ ಚಿತ್ರಿಸುವಾಗ ಹಳೇದನ್ನೇ ತಂದು ಹಾಕುತ್ತದೆ. ಒಂದು ಪೆಟ್ಟಿಗೆಗೆ ಇಬ್ಬರು ಯಜಮಾನರು ಇರಬಾರದು. ಆ ಒಂದು ಪೆಟ್ಟಿಗೆಯನ್ನು ರಿಯಾಕ್ಟ್ ಹಿಡಿತದಿಂದ ಬಿಟ್ಟು, ಬೇಕಾದಾಗ ರೆಫ್ (ಪೆಟ್ಟಿಗೆಯನ್ನು ನೇರವಾಗಿ ಹಿಡಿಯುವ ಕೊಂಡಿ) ಮೂಲಕ ಓದಿಕೊಳ್ಳುವುದು ಒಳ್ಳೆಯದು.

ಫೋನ್‌ನಲ್ಲಿ ಮಾತ್ರ ನಾನು ಪ್ರಯತ್ನ ಬಿಟ್ಟೆ, ಅದೇ ಸರಿ ಅಂತ ಈಗಲೂ ಅನಿಸುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ತೆರೆಯ ಮೇಲಿನ ಕೀಬೋರ್ಡ್ ಒತ್ತಿದಾಗ ಯಾವ ಕೀ ಅಂತ ಕೇಳಿದರೆ ಬಹುತೇಕ ಎಲ್ಲದಕ್ಕೂ 229 ಅನ್ನುವ ಒಂದೇ ಉತ್ತರ ಬರುತ್ತದೆ. ಕೀ ನೋಡಿ ಅಕ್ಷರ ಬದಲಿಸುವ ಲೈಬ್ರರಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಫೋನ್‌ನಲ್ಲಿ ಕನ್ನಡ ಕೀಬೋರ್ಡ್ ಸುಲಭವಾಗಿ ಸಿಗುತ್ತದೆ, ಜನ ಅದನ್ನೇ ಬಳಸುತ್ತಾರೆ. ಫೋನ್ ಆದರೆ ಲೈಬ್ರರಿಯನ್ನು ಲೋಡ್ ಮಾಡುವುದನ್ನೇ ನಿಲ್ಲಿಸಿದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಒಬ್ಬರು ಹಿರಿಯರು ಕರೆದು ತೋರಿಸಿದರು. ಪೆಟ್ಟಿಗೆಯಲ್ಲಿ 'ಕೊಡಗು' ಅಂತ ಚೆನ್ನಾಗಿ ಮೂಡಿದೆ. ಕೆಳಗೆ ಫಲಿತಾಂಶ ಸೊನ್ನೆ. ಕಪಾಟಿನಲ್ಲಿ ಕೊಡಗಿನ ಬಗ್ಗೆ ಪುಸ್ತಕಗಳಿರುವುದು ಅವರಿಗೇ ಗೊತ್ತು. ಕನ್ಸೋಲ್‌ನಲ್ಲಿ ಎರಡೂ ಪದಗಳ ಲೆಂಗ್ತ್ ಕೇಳಿದೆ. ಅವರು ಟೈಪ್ ಮಾಡಿದ್ದಕ್ಕೆ 5 ಬಂತು. ಡೇಟಾಬೇಸ್‌ನಲ್ಲಿದ್ದದ್ದಕ್ಕೆ 6. ಹಳೇ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸಿದ ಪಟ್ಟಿ ಅದು. ಅದರಲ್ಲಿ ಒತ್ವ ಒಂದೇ ಗುರುತಾಗಿ ಇರದೆ, ಎತ್ವ ಮತ್ತು ದೀರ್ಘ ಉಕಾರ ಎಂಬ ಎರಡು ಗುರುತಾಗಿ ಕೂತಿತ್ತು. ಕಣ್ಣಿಗೆ ಎರಡೂ ಒಂದೇ. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್ ಇಂಥ ಜೋಡಿಯನ್ನು ಒಂದು ಮಾಡುತ್ತದೆ. ಪಟ್ಟಿಗೂ, ಟೈಪ್ ಮಾಡಿದ ಪದಕ್ಕೂ ಅದನ್ನು ಹಚ್ಚಿದೆ. ಆದರೆ 'ರಾಜ್‌ಕುಮಾರ್' ಎಂಬಲ್ಲಿ ಜಕಾರ, ಕಕಾರ ಕೂಡದಂತೆ ನಡುವೆ ಕೂರುವ, ಕಣ್ಣಿಗೆ ಕಾಣದ ಗುರುತನ್ನು ಅದು ತೆಗೆಯುವುದಿಲ್ಲ. ಕೆಲವರು ಆ ಗುರುತು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹೋಲಿಸುವ ಮುಂಚೆ ಎರಡೂ ಕಡೆ ಅದನ್ನು ನಾವೇ ತೆಗೆಯಬೇಕು. ಇಷ್ಟು ಮಾಡಿದ ಮೇಲೆ ಅವರು ಮತ್ತೊಮ್ಮೆ 'ಕೊಡಗು' ಎಂದು ಹುಡುಕಿದರು. ಪುಸ್ತಕಗಳ ಪಟ್ಟಿ ಬಂತು.